ಜಮೀನಿನ ಮೇಲೆ ಹೈ ಟೆನ್ಷನ್ ಲೈನ್ ಬಂದರೆ: ಮೊದಲ ಗೂಟದಿಂದ ಜಿಲ್ಲಾ ಕೋರ್ಟ್‌ವರೆಗೆ

ಬೆಳಿಗ್ಗೆ ತೋಟಕ್ಕೆ ಹೋದರೆ ಅಡಿಕೆ ಸಾಲಿನ ನಡುವೆ ಕೆಂಪು ಬಣ್ಣ ಬಳಿದ ಗೂಟ. ಯಾರು ಹೊಡೆದರೋ, ಯಾಕೆ ಹೊಡೆದರೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಕಥೆ ಹೀಗೇ ಶುರುವಾಯಿತು. ಅಪ್ಪ ಅದನ್ನು ಕಿತ್ತು ಬೇಲಿಯಾಚೆ ಎಸೆದರು. ವಾರ ಬಿಟ್ಟು ಇಬ್ಬರು ಹುಡುಗರು ಜಿಪಿಎಸ್ ಹಿಡಿದು ಬಂದು, ಅದೇ ಜಾಗದಲ್ಲಿ ಇನ್ನೊಂದು ಹೊಡೆದು ಹೋದರು. ಗೂಟದ ಜಾಗ ಇರುವುದು ನಕ್ಷೆಯಲ್ಲಿ. ಕಿತ್ತರೆ ಲೈನ್ ಏನೂ ಸರಿಯುವುದಿಲ್ಲ.

ಆಮೇಲೆ ಮೂರು ವರ್ಷ ಡಿಸಿ ಕಚೇರಿ, ವಕೀಲರ ಮನೆ, ಕೋರ್ಟು ಅಂತ ಓಡಾಡಿದ್ದೇವೆ. ಅದರಿಂದ ನನಗೆ ಅರ್ಥವಾದದ್ದು ಇಷ್ಟು: "ನಮ್ಮ ಜಮೀನಿನಲ್ಲಿ ಬೇಡವೇ ಬೇಡ" ಅನ್ನುವ ಜಗಳ ಹೆಚ್ಚಾಗಿ ಸೋಲುತ್ತದೆ. "ಯಾವ ಅಧಿಕಾರದ ಮೇಲೆ ಬಂದಿರಿ, ಟವರ್ ಎಲ್ಲಿ ನಿಲ್ಲುತ್ತದೆ, ಪರಿಹಾರ ಎಷ್ಟು" ಅನ್ನುವ ಜಗಳದಲ್ಲಿ ಗೆಲ್ಲಲು ಜಾಗ ಇದೆ. ಆ ಜಗಳವನ್ನು ಹೇಗೆ ಮಾಡುವುದು ಅಂತ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಗೂಟ ಕಂಡ ದಿನ

ಕೀಳಬೇಡಿ. ಫೋಟೋ ತೆಗೆಯಿರಿ. ಫೋನಿನಲ್ಲಿ ಲೊಕೇಶನ್ ಆನ್ ಇರಲಿ, ಗೂಟದ ಸುತ್ತಲಿನ ಮರಗಳೂ ಕಾಣಲಿ. ಸರ್ವೆಗೆ ಬಂದವರ ಹತ್ತಿರ ಕಂಪನಿಯ ಹೆಸರು, ಲೈನ್‌ನ ಹೆಸರು, ಎಷ್ಟು ಕೆವಿ ಅಂತ ಕೇಳಿ ಬರೆದುಕೊಳ್ಳಿ. ಸುಮ್ನೆ ಬೈದು ಕಳಿಸಿದರೆ ಈ ಮಾಹಿತಿ ತಪ್ಪಿಹೋಗುತ್ತದೆ. ಬಂದವರು ದಿನಗೂಲಿ ಹುಡುಗರು, ಮಾರ್ಗ ಬದಲಿಸುವ ಅಧಿಕಾರ ಅವರಿಗಿಲ್ಲ.

ಯಾವುದಕ್ಕೂ ಸಹಿ ಹಾಕಬೇಡಿ. "ಸರ್ವೆಗೆ ಬಂದಿದ್ದೆವು ಅಂತ ಒಂದು ಸೈನ್ ಅಷ್ಟೇ" ಎಂದು ಅಪ್ಪನ ಕೈಲಿ ಹಾಕಿಸಿಕೊಂಡ ಹಾಳೆ ಆಮೇಲೆ ಒಪ್ಪಿಗೆ ಪತ್ರವಾಗಿ ಡಿಸಿ ಕಚೇರಿಯ ಫೈಲಿನಲ್ಲಿ ಸಿಕ್ಕಿತು. ಹಾಕಲೇಬೇಕಾಗಿ ಬಂದರೆ ಕನ್ನಡದಲ್ಲೇ "ತಕರಾರು ಕಾಯ್ದಿರಿಸಿ ಸಹಿ ಮಾಡಿದ್ದೇನೆ" ಎಂದು ಬರೆದು, ತಾರೀಕು ಹಾಕಿ, ಹಾಳೆಯ ಫೋಟೋ ತೆಗೆದಿಟ್ಟುಕೊಳ್ಳಿ.

ಹಂತ 2: ಯಾವ ಕಾನೂನಿನ ಕೆಳಗೆ ಬಂದಿದ್ದಾರೆ?

ಇಡೀ ಜಗಳದ ಬುಡ ಇದು. ಇಲ್ಲಿ ಎಡವಿದರೆ ಮುಂದಿನ ಅರ್ಜಿಗಳೆಲ್ಲ ತಪ್ಪು ಬಾಗಿಲಿಗೆ ಹೋಗುತ್ತವೆ.

ವಿದ್ಯುತ್ ಕಾಯ್ದೆ 2003ರಲ್ಲಿ ಎರಡು ದಾರಿ ಇವೆ. ಮೊದಲನೆಯದು ಕಲಂ 164. ಸರ್ಕಾರ ಈ ಕಲಂನಡಿ ಲಿಖಿತ ಆದೇಶ ಕೊಟ್ಟರೆ, ಲೈನ್ ಎಳೆಯುವವರಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಸಿಗುತ್ತದೆ. ಹೌದು, ಬ್ರಿಟಿಷರು ತಂತಿ ಎಳೆಯಲು ಮಾಡಿದ ಅದೇ ಕಾಯ್ದೆ. ಅದರ ಕಲಂ 10ರಲ್ಲಿ ಖಾಸಗಿ ಜಾಗದ ಮೇಲೆ ಲೈನ್ ಎಳೆಯಬಹುದು, ಕಂಬ ನೆಡಬಹುದು ಎಂದಿದೆ. ಮಾಲೀಕರ ಒಪ್ಪಿಗೆ ಬೇಕು ಎಂದಿಲ್ಲ. 2016ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಲೈನ್ ಕಂಪನಿ ಪವರ್‌ಗ್ರಿಡ್ ಮತ್ತು ಸೆಂಚುರಿ ಟೆಕ್ಸ್‌ಟೈಲ್ಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಅಲ್ಲಿ ತಕರಾರು ಮಾಡಿದ್ದು ಸುಣ್ಣದಕಲ್ಲು ಗಣಿ ಗುತ್ತಿಗೆ ಇದ್ದ ದೊಡ್ಡ ಕಂಪನಿ. ಅವರಿಗೇ ಆಗದ್ದು ನಮಗೆ ಸುಲಭವಾಗಿ ಆಗುವುದಿಲ್ಲ, ಅಲ್ವಾ?

ಈಗ 2023ರ ಟೆಲಿಕಾಂ ಕಾಯ್ದೆ ಬಂದಿದೆ, ಹಳೇ ಟೆಲಿಗ್ರಾಫ್ ಕಾಯ್ದೆ ಸತ್ತುಹೋಯಿತು ಅಂತ ಕೆಲವರು ಹೇಳುತ್ತಾರೆ. ಅದನ್ನು ನಂಬಿ ಕೂರಬೇಡಿ. ಕಲಂ 164ರ ಕೆಳಗೆ ಎಳೆಯುವ ವಿದ್ಯುತ್ ಲೈನ್‌ಗಳಿಗೆ ಹಳೇ ಕಾಯ್ದೆಯ ಮೂರನೇ ಭಾಗ ಮುಂದುವರಿಯುತ್ತದೆ ಎಂದು ಹೊಸ ಕಾಯ್ದೆಯೇ ಹೇಳಿದೆ.

ಎರಡನೇ ದಾರಿ, ಕಲಂ 164ರ ಆದೇಶ ಇಲ್ಲದವರದ್ದು. ಇವರಿಗೆ ಕಲಂ 67 ಮತ್ತು 2006ರ ಲೈಸೆನ್ಸಿಗಳ ಕಾಮಗಾರಿ ನಿಯಮಗಳು ಅನ್ವಯಿಸುತ್ತವೆ. ಆ ನಿಯಮ 3ರ ಪ್ರಕಾರ ಮಾಲೀಕರ ಅಥವಾ ಅನುಭವದಲ್ಲಿರುವವರ ಒಪ್ಪಿಗೆ ಬೇಕು. ಒಪ್ಪದಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಅನುಮತಿ ತರಬೇಕು. ಆ ಅನುಮತಿ ಆದೇಶವನ್ನು ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ಪ್ರಶ್ನಿಸಬಹುದು. ರಾಜ್ಯದೊಳಗಿನ ಲೈನ್ ಆದರೆ ಅದು ಬೆಂಗಳೂರಿನ ಕೆಇಆರ್‌ಸಿ.

ಹಾಗಾಗಿ ಮೊದಲ ಪತ್ರದಲ್ಲಿ ಕೇಳಬೇಕಾದ್ದು ಒಂದೇ ಪ್ರಶ್ನೆ: "ಈ ಲೈನ್‌ಗೆ ಕಲಂ 68ರ ಅನುಮೋದನೆ ಮತ್ತು ಕಲಂ 164ರ ಆದೇಶದ ಪ್ರತಿ ಕೊಡಿ." ಕಲಂ 68 ಅಂದರೆ ಲೈನ್ ಎಳೆಯಲು ಸರ್ಕಾರದ ಪೂರ್ವಾನುಮತಿ. ಕೆಪಿಟಿಸಿಎಲ್ (ರಾಜ್ಯದ ವಿದ್ಯುತ್ ಪ್ರಸರಣ ನಿಗಮ), ಪವರ್‌ಗ್ರಿಡ್‌ನಂಥ ಸಂಸ್ಥೆಗಳ ಹತ್ತಿರ ಸಾಮಾನ್ಯವಾಗಿ ಆದೇಶ ಇರುತ್ತದೆ. ಗದಗ, ಕೊಪ್ಪಳ, ಚಿತ್ರದುರ್ಗದ ಕಡೆ ಗಾಳಿಯಂತ್ರ, ಸೋಲಾರ್‌ಗಾಗಿ ಖಾಸಗಿಯವರು ಎಳೆಯುವ ಸಣ್ಣ ಲೈನ್‌ಗಳಲ್ಲಿ ಮಾತ್ರ ಈ ಪ್ರಶ್ನೆ ತುಂಬಾ ಕೆಲಸ ಮಾಡುತ್ತದೆ. ಆದೇಶ ಇಲ್ಲ ಅಂತಾದರೆ ನೀವು ಚೌಕಾಸಿ ಮಾಡುವ ಜಾಗದಲ್ಲಿದ್ದೀರಿ.

ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಎಂಬ ಮಿತಿ ಇದೆ. ಅದಕ್ಕೇ ಆದೇಶದ ಪ್ರತಿಗೆ ಒಂದು ಅರ್ಜಿ, ಮಾರ್ಗದ ನಕ್ಷೆಗೆ ಇನ್ನೊಂದು ಹಾಕಿ. ಖಾಸಗಿ ಕಂಪನಿಗೆ ನೇರವಾಗಿ ಹಾಕಲು ಬರುವುದಿಲ್ಲ. ಡಿಸಿ ಕಚೇರಿಗೆ ಹಾಕಿ.

ಹಂತ 3: ಮನೆಯ ಕಾಗದ

ಪರಿಹಾರ ನಿಂತುಹೋಗುವುದು ಕಂಪನಿಯಿಂದಲೇ ಅಂತ ತಿಳಿಯಬೇಡಿ. ಎಷ್ಟೋ ಸಲ ಪಹಣಿಯಿಂದ ನಿಲ್ಲುತ್ತದೆ. ಜಮೀನು ಇನ್ನೂ ಅಜ್ಜನ ಹೆಸರಿನಲ್ಲೇ ಇದೆಯೇ? ಇವತ್ತೇ ಪೌತಿ ಖಾತೆಗೆ ಅರ್ಜಿ ಕೊಡಿ. ಅಣ್ಣತಮ್ಮಂದಿರ ಜಂಟಿ ಖಾತೆ, ಪೋಡಿ (ಪಾಲು ಅಳೆದು ಬೇರೆ ಮಾಡುವುದು) ಆಗಿಲ್ಲ ಅಂತಾದರೆ ಯಾರ ಪಾಲಿನಲ್ಲಿ ಟವರ್ ನಿಲ್ಲುತ್ತದೆ ಅನ್ನುವುದೇ ಮನೆಯೊಳಗಿನ ಜಗಳವಾಗುತ್ತದೆ. ಪಾಲುದಾರರಲ್ಲಿ ಒಮ್ಮತ ಇಲ್ಲದಿದ್ದರೆ ಟೆಲಿಗ್ರಾಫ್ ಕಾಯ್ದೆಯ ಕಲಂ 16(4)ರಂತೆ ಹಣ ಜಿಲ್ಲಾ ಕೋರ್ಟಿನಲ್ಲಿ ಠೇವಣಿ ಆಗುತ್ತದೆ. ಅಲ್ಲಿಂದ ಬಿಡಿಸಿಕೊಳ್ಳಲು ಮತ್ತೆ ವಕೀಲರು, ಮತ್ತೆ ವಾಯಿದೆ. ಅಣ್ಣತಮ್ಮಂದಿರು ಮೊದಲೇ ಕೂತು ಒಂದು ಒಪ್ಪಂದ ಬರೆದುಕೊಂಡರೆ ಎಲ್ಲರಿಗೂ ಲಾಭ.

ಪಹಣಿ, ಟಿಪ್ಪಣಿ, ಆಕಾರ್‌ಬಂದ್, ಮ್ಯುಟೇಶನ್ ಪ್ರತಿ ತೆಗೆದಿಡಿ. ಪಹಣಿಯ ಬೆಳೆ ಕಾಲಂ ನೋಡಲು ಮರೆಯಬೇಡಿ. ತೋಟದಲ್ಲಿ 400 ಅಡಿಕೆ ಮರ ಇದ್ದು ಪಹಣಿಯಲ್ಲಿ ಭತ್ತ ಅಂತಿದ್ದರೆ ಈಗಲೇ ಸರಿ ಮಾಡಿಸಿ. ಅಡಿಕೆ ಮಾರಿದ ಕ್ಯಾಂಪ್ಕೊ ಅಥವಾ ಮಂಡಿಯ ಚೀಟಿಗಳು, ಬೆಳೆ ಸಾಲದ ಕಾಗದ, ಗೊಬ್ಬರದ ಬಿಲ್ಲು, ಎಲ್ಲವನ್ನೂ ಒಂದು ಫೈಲಿಗೆ ಹಾಕಿ. ನಾಳೆ ಜಡ್ಜ್ ಮುಂದೆ ಮರದ ಇಳುವರಿ ಸಾಬೀತು ಮಾಡುವುದು ಈ ಚೀಟಿಗಳೇ.

ಹಂತ 4: ಮಾರ್ಗ ಬದಲಿಸಿ ಅಂತ ಕೇಳುವ ರೀತಿ

"ಲೈನ್ ಬೇರೆ ಕಡೆ ಒಯ್ಯಿರಿ" ಅಂತ ಒಂದು ಸಾಲಿನ ಅರ್ಜಿ ಕೊಟ್ಟರೆ "ತಾಂತ್ರಿಕವಾಗಿ ಸಾಧ್ಯವಿಲ್ಲ" ಅಂತ ಒಂದೇ ಸಾಲಿನ ಹಿಂಬರಹ ಬರುತ್ತದೆ. ಲೈನ್ ಹೇಗೆ ಓಡುತ್ತದೆ ಅಂತ ಸ್ವಲ್ಪ ತಿಳಿದುಕೊಂಡು ಕೇಳಿದರೆ ಬೇರೆಯೇ ಉತ್ತರ ಸಿಗುತ್ತದೆ.

ದೊಡ್ಡ ಲೈನ್‌ನಲ್ಲಿ ಎರಡು ಬಗೆಯ ಟವರ್ ಇರುತ್ತವೆ. ನೇರ ಓಟದಲ್ಲಿ ತಂತಿಯನ್ನು ಸುಮ್ನೆ ಹೊತ್ತು ನಿಲ್ಲುವವು ಒಂದು ಬಗೆ. ತಿರುವಿನಲ್ಲಿ ಎಳೆತ ತಡೆದು ನಿಲ್ಲುವ ಆ್ಯಂಗಲ್ ಟವರ್‌ಗಳು ಇನ್ನೊಂದು. ಆ್ಯಂಗಲ್ ಟವರ್‌ಗೆ ಕಬ್ಬಿಣ ಜಾಸ್ತಿ, ಅಡಿಪಾಯ ದೊಡ್ಡದು, ಖರ್ಚೂ ಜಾಸ್ತಿ. ನಿಮ್ಮ ಜಮೀನು ನೇರ ಓಟದ ನಡುವೆ ಇದ್ದರೆ ಲೈನನ್ನು ಪಕ್ಕಕ್ಕೆ ಸರಿಸಲು ಹೊಸ ತಿರುವುಗಳು ಬೇಕು. ಅದಕ್ಕೆ ಅವರು ಒಪ್ಪುವುದು ಕಷ್ಟ. ಆದರೆ ಅದೇ ಗೆರೆಯ ಮೇಲೆ ಟವರನ್ನು ಹಿಂದೆ ಮುಂದೆ ಸರಿಸುವುದು ಅಷ್ಟು ಕಷ್ಟವಲ್ಲ. ಎರಡು ಟವರ್ ನಡುವೆ ಸುಮಾರು 350-400 ಮೀಟರ್ ಅಂತರ ಇರುತ್ತದೆ. ಅದರಲ್ಲಿ ಕೆಲವು ಮೀಟರ್ ಆಚೀಚೆ ಮಾಡಲು ಜಾಗ ಸಿಗುತ್ತದೆ. ಗದ್ದೆ ನಡುವಿನ ಟವರ್ ಬದುವಿಗೆ ಬಂದರೆ ಟ್ರ್ಯಾಕ್ಟರ್ ತಿರುಗುತ್ತದೆ, ಬಾವಿ ಉಳಿಯುತ್ತದೆ. ನಾವು ಗೆದ್ದದ್ದು ಇಷ್ಟೇ: 22 ಮೀಟರ್. ಕೊಳವೆಬಾವಿ ಉಳಿಯಿತು.

ಕೈಯಲ್ಲಿ ಬಿಡಿಸಿದ್ದಾದರೂ ಸರಿ, ಅರ್ಜಿಯ ಜೊತೆ ಒಂದು ನಕ್ಷೆ ಇಡಿ. ಮನೆ, ಬಾವಿ, ಪೈಪ್‌ಲೈನ್, ದೊಡ್ಡ ಮರ, ಸರ್ಕಾರಿ ಗೋಮಾಳ, ರಸ್ತೆಯ ಅಂಚು ತೋರಿಸಿ. ಪಕ್ಕದ ನಾಲ್ಕೈದು ಜನ ಸೇರಿ ಒಂದೇ ಅರ್ಜಿ ಕೊಟ್ಟರೆ ಮಾರ್ಗ ಬದಲಿಸುವ ಮಾತಿಗೆ ತೂಕ ಬರುತ್ತದೆ. ಆದರೆ "ನನ್ನ ಜಮೀನು ಬಿಟ್ಟು ಅವನದ್ದಕ್ಕೆ ಹಾಕಿ" ಅಂತ ಬರೆದರೆ ಒಗ್ಗಟ್ಟು ಅಲ್ಲಿಗೇ ಮುಗಿಯಿತು.

ಕಂಪನಿ, ಡಿಸಿ, ತಹಶೀಲ್ದಾರ್, ಮೂವರಿಗೂ ಕೊಡಿ. ಪ್ರತಿಯ ಮೇಲೆ ಇನ್‌ವರ್ಡ್ ನಂಬರ್, ಸೀಲು ಹಾಕಿಸಿಕೊಳ್ಳಿ. ಸೀಲಿಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆ.

ಮತ್ತೆ ಸಮಯ. ಗುಂಡಿ ತೋಡುವ ಮೊದಲು ಕೇಳಿದ್ದಕ್ಕೆ ಬೆಲೆ ಇದೆ. ಟವರ್ ಎದ್ದ ಮೇಲೆ ಮಾರ್ಗ ಬದಲಿಸಿ ಅಂದರೆ ಯಾವ ಕೋರ್ಟೂ ಕಿವಿಗೊಡುವುದು ಅಪರೂಪ. ಉಡುಪಿ-ಕಾಸರಗೋಡು 400 ಕೆವಿ ಲೈನ್‌ಗೆ ದಕ್ಷಿಣ ಕನ್ನಡದ ಅಡಿಕೆ ಬೆಳೆಗಾರರು ಎದ್ದು ನಿಂತದ್ದು ಇದೇ ಲೆಕ್ಕದಲ್ಲಿ, ಕೆಲಸ ಶುರುವಾಗುವ ಮೊದಲೇ ತಡೆಯಲು.

ಹಂತ 5: ಡಿಸಿ ಮುಂದೆ

ನೀವು ಕೆಲಸಕ್ಕೆ ಬಿಡದಿದ್ದರೆ ಕಲಂ 164 ಇರುವವರು ಟೆಲಿಗ್ರಾಫ್ ಕಾಯ್ದೆಯ ಕಲಂ 16(1)ರ ಕೆಳಗೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ಡಿಸಿ ಹತ್ತಿರ ಹೋಗುತ್ತಾರೆ. ಹೆಚ್ಚಿನವರಿಗೆ ನೋಟಿಸ್ ಬರುವುದು ಆಗಲೇ. ಈ ವಿಚಾರಣೆಗೆ ತಪ್ಪಿಸಿಕೊಳ್ಳಬೇಡಿ. "ಅವರು ಹೇಗೂ ಅವರ ಕಡೆಗೇ ಆದೇಶ ಮಾಡುತ್ತಾರೆ" ಅಂತ ಮನೆಯಲ್ಲಿ ಕೂತವರು ಮಾತಾಡುವ ಒಂದೇ ಒಂದು ಅವಕಾಶವನ್ನೂ ಕಳೆದುಕೊಳ್ಳುತ್ತಾರೆ.

ಬಾಯಲ್ಲಿ ಹೇಳಿದ್ದು ಫೈಲಿಗೆ ಹೋಗುವುದಿಲ್ಲ. ಲಿಖಿತ ತಕರಾರು ಕೊಡಿ. ಅದರಲ್ಲಿ ಮೂರು ಬೇಡಿಕೆ ಸಾಕು. ಜಂಟಿ ಸ್ಥಳ ತನಿಖೆ ಆಗಲಿ. ಟವರ್ ಇಂಥ ಜಾಗಕ್ಕೆ ಸರಿಯಲಿ. ಕೆಲಸ ಶುರುವಾಗುವ ಮೊದಲು ಮರ, ಬೆಳೆ, ಜಾಗದ ಮಹಜರು (ಸ್ಥಳದಲ್ಲೇ ನೋಡಿ ಎಣಿಸಿ ಬರೆಯುವ ದಾಖಲೆ) ನಡೆದು ಪರಿಹಾರ ಗೊತ್ತಾಗಲಿ. ಕಲಂ 10ರಲ್ಲಿ ಎರಡು ಮಾತು ನಮ್ಮ ಪರ ಇವೆ, ಅವನ್ನು ಎತ್ತಿ ಬರೆಯಿರಿ: ಅವರಿಗೆ ಬರುವುದು ಬಳಕೆಯ ಹಕ್ಕು ಮಾತ್ರ, ಮಾಲೀಕತ್ವ ನಿಮ್ಮದೇ. ಮತ್ತೆ, ಆದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಪೂರ್ತಿ ಪರಿಹಾರ ಕೊಡಬೇಕು.

ಡಿಸಿ ಆದೇಶ ಆದ ಮೇಲೂ ಅಡ್ಡ ನಿಂತರೆ ಅದು ಕ್ರಿಮಿನಲ್ ಕೇಸು. ಮೊದಲು ಐಪಿಸಿ 188 ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 223. ಆವೇಶದಲ್ಲಿ ಜೆಸಿಬಿ ಮುಂದೆ ಮಲಗುವ ಮೊದಲು ಮನೆಯಲ್ಲಿ ಒಮ್ಮೆ ಮಾತಾಡಿಕೊಳ್ಳಿ.

ಹಂತ 6: ತಡೆಯಾಜ್ಞೆ ಸಿಗುತ್ತದೆಯೇ?

ಊರಲ್ಲಿ ಎಲ್ಲರೂ ಕೊಡುವ ಸಲಹೆ, "ಸ್ಟೇ ತಗೊಂಡು ಬಾ". 2018ರ ತಿದ್ದುಪಡಿ ಆದ ಮೇಲೆ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ ಮೂಲಸೌಕರ್ಯ ಯೋಜನೆಗೆ ಅಡ್ಡಿಯಾಗುವ ತಡೆಯಾಜ್ಞೆ ಕೊಡಬಾರದು ಎಂದು ಬಂದಿದೆ. ಆ ಪಟ್ಟಿಯಲ್ಲಿ ವಿದ್ಯುತ್ ಪ್ರಸರಣವೂ ಇದೆ. ಹಾಗಾಗಿ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿ ಸ್ಟೇ ತರುವುದಕ್ಕೆ ದುಡ್ಡು ಸುರಿಯುವ ಮೊದಲು ಎರಡು ಸಲ ಯೋಚಿಸಿ.

ಹೈಕೋರ್ಟಿನಲ್ಲಿ ರಿಟ್ ಹಾಕಲು ಗಟ್ಟಿ ಕಾರಣ ಬೇಕು. ಕಲಂ 164ರ ಆದೇಶವೇ ಇಲ್ಲ, ಅಥವಾ ಡಿಸಿ ನಿಮ್ಮ ತಕರಾರು ಕೇಳದೆ ಆದೇಶ ಮಾಡಿದ್ದಾರೆ, ಅಥವಾ ಮನೆಗೆ ಇರಬೇಕಾದ ಸುರಕ್ಷತಾ ಅಂತರವೇ ಉಳಿಯುವುದಿಲ್ಲ. ಇಂಥದ್ದು ಇದ್ದರೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠಕ್ಕೆ ಹೋಗಬಹುದು. "ಆ ಮಾರ್ಗಕ್ಕಿಂತ ಈ ಮಾರ್ಗ ಒಳ್ಳೇದು" ಅನ್ನುವ ವಾದಕ್ಕೆ ಮಾತ್ರ ಹೋಗಬೇಡಿ, ಅದು ಎಂಜಿನಿಯರ್‌ಗಳ ಕೆಲಸ ಅಂತ ಕೋರ್ಟ್ ಸುಮ್ಮನಾಗುತ್ತದೆ.

ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಜಮೀನು ಅಮ್ಮನ ಹೆಸರಿನಲ್ಲಿದ್ದರೆ ಇದನ್ನು ನೆನಪಿಡಿ.

ಹಂತ 7: ಮಹಜರು

ಮರ ಕಡಿಯುವ ಮೊದಲು ಎಣಿಕೆ ಆಗಬೇಕು. ಕಡಿದ ಮೇಲೆ ಬುಡ ಎಣಿಸಬಹುದು, ಇಳುವರಿ ಎಣಿಸಲಾಗದು. ತೋಟಗಾರಿಕೆ ಇಲಾಖೆಯವರು ಫಲ ಕೊಡುವ ಮರಕ್ಕೆ, ಅರಣ್ಯ ಇಲಾಖೆಯವರು ನಾಟಾ ಮರಕ್ಕೆ ಬೆಲೆ ಕಟ್ಟುತ್ತಾರೆ. ಅವರ ಜೊತೆ ನೀವೂ ಸಾಲು ಸಾಲಾಗಿ ನಡೆಯಿರಿ. ಪ್ರತಿ ಮರಕ್ಕೂ ನಂಬರ್ ಬರೆದು ವಿಡಿಯೋ ಮಾಡಿ. ಅಡಿಕೆ ಸಸಿ ಎಷ್ಟು, ಫಲಕ್ಕೆ ಬಂದದ್ದೆಷ್ಟು, ಮೇಲೆ ಹಬ್ಬಿಸಿದ ಕರಿಮೆಣಸಿನ ಬಳ್ಳಿ ಎಷ್ಟು, ನಡುವಿನ ಬಾಳೆ ಎಷ್ಟು. ನಮ್ಮ ಮೊದಲ ಮಹಜರಿನಲ್ಲಿ ಮೆಣಸಿನ ಬಳ್ಳಿ ಒಂದೂ ಇರಲಿಲ್ಲ. ಮರ ಎಣಿಸಿದವರಿಗೆ ಬಳ್ಳಿ ಕಾಣಲೇ ಇಲ್ಲ!

ತಪ್ಪು ಕಂಡರೆ ಸಹಿಯ ಪಕ್ಕದಲ್ಲೇ ತಕರಾರು ಬರೆಯಿರಿ. ಪ್ರತಿ ತೆಗೆದುಕೊಳ್ಳದೆ ಬಿಡಬೇಡಿ.

ಬೆಳೆ ಪರಿಹಾರ ಒಂದೇ ಸಲ ಬರುವುದಲ್ಲ. ಅಡಿಪಾಯ, ಟವರ್ ಎತ್ತುವುದು, ತಂತಿ ಎಳೆಯುವುದು, ಹೀಗೆ ಮೂರು ಸಲ ಹೊಲಕ್ಕೆ ಇಳಿಯುತ್ತಾರೆ. ಮೂರು ಸಲವೂ ಹಾನಿಯ ಲೆಕ್ಕ ಬೇರೆಬೇರೆ ಕೇಳಿ.

ಹಂತ 8: ಲೆಕ್ಕ ನೀವೇ ಮಾಡಿ

ಕೇಂದ್ರ ಇಂಧನ ಸಚಿವಾಲಯ 2015ರ ಅಕ್ಟೋಬರ್‌ನಲ್ಲಿ 66 ಕೆವಿ ಮತ್ತು ಮೇಲಿನ ಲೈನ್‌ಗಳಿಗೆ ಒಂದು ಮಾರ್ಗಸೂಚಿ ಕೊಟ್ಟಿತು. ಟವರ್ ತಳದ ಜಾಗಕ್ಕೆ ಭೂಮಿ ಬೆಲೆಯ 85%, ತಂತಿ ಕೆಳಗಿನ ಕಾರಿಡಾರ್‌ಗೆ ಗರಿಷ್ಠ 15%. 2024ರ ಜೂನ್ 14ರಂದು ಅದನ್ನು ಬದಲಿಸಿ ತಳಕ್ಕೆ 200%, ಕಾರಿಡಾರ್‌ಗೆ 30% ಮಾಡಿತು. ನಾಲ್ಕು ಕಾಲಿನ ಸುತ್ತ ಪ್ರತಿ ಬದಿಗೆ 1 ಮೀಟರ್ ಸೇರಿಸಿ ತಳ ಅಳೆಯಬೇಕು ಎಂದೂ ಹೇಳಿತು. ಬೆಳೆ, ಮರದ ಪರಿಹಾರ ಇದಕ್ಕೆ ಹೊರತು. ಇದು ಕೇಂದ್ರದ ಮಾರ್ಗಸೂಚಿ, ರಾಜ್ಯ ತನ್ನ ಆದೇಶದ ಮೂಲಕ ಜಾರಿ ಮಾಡಬೇಕು. ಅದಕ್ಕೆ ಈಗ ನಡೆಯುತ್ತಿರುವ ಆದೇಶದ ಪ್ರತಿಯನ್ನು ಡಿಸಿ ಕಚೇರಿಯಲ್ಲಿ ಕೇಳಿ ಪಡೆಯಿರಿ.

ಕಾರಿಡಾರ್ ಅಗಲ ಸಾಮಾನ್ಯವಾಗಿ 66 ಕೆವಿಗೆ 18 ಮೀಟರ್, 110ಕ್ಕೆ 22, 220ಕ್ಕೆ 35, 400ಕ್ಕೆ 46.

ಒಂದು ಉದಾಹರಣೆ. ಎಕರೆಗೆ ಮಾರ್ಗಸೂಚಿ ದರ (ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಭೂಮಿ ಬೆಲೆ) 20 ಲಕ್ಷ ಅಂತಿಟ್ಟುಕೊಳ್ಳಿ, ಗುಂಟೆಗೆ 50,000 ರೂಪಾಯಿ. 220 ಕೆವಿ ಲೈನ್ ನಿಮ್ಮ ಜಮೀನಿನಲ್ಲಿ 100 ಮೀಟರ್ ಓಡುತ್ತದೆ, ಒಂದು ಟವರ್ ನಿಲ್ಲುತ್ತದೆ. ಟವರ್ ಕಾಲುಗಳ ಅಳತೆ 12 ಗುಣಿಸು 12 ಮೀಟರ್ ಆದರೆ, ಒಂದೊಂದು ಮೀಟರ್ ಸೇರಿ 14 ಗುಣಿಸು 14, ಅಂದರೆ 196 ಚದರ ಮೀಟರ್. ಹತ್ತಿರ ಹತ್ತಿರ 1.94 ಗುಂಟೆ. 200% ಲೆಕ್ಕದಲ್ಲಿ ಸುಮಾರು 1.94 ಲಕ್ಷ. ಕಾರಿಡಾರ್ 35 ಗುಣಿಸು 100, ಅಂದರೆ 3,500 ಚದರ ಮೀಟರ್, ಸುಮಾರು 34.6 ಗುಂಟೆ. ಅದರ ಬೆಲೆ 17.3 ಲಕ್ಷ, 30% ಅಂದರೆ 5.19 ಲಕ್ಷ. ತಳದ ಜಾಗವನ್ನು ಕಾರಿಡಾರ್‌ನಲ್ಲಿ ಕಳೆದರೆ ಸ್ವಲ್ಪ ಇಳಿಯುತ್ತದೆ.

ನೋಡಿ, ಟವರ್‌ಗಿಂತ ತಂತಿಯ ಕೆಳಗೇ ಜಾಸ್ತಿ ದುಡ್ಡಿದೆ. ಊರಲ್ಲಿ ಎಲ್ಲರೂ ಟವರ್ ಬಂದವನ ಮನೆಗೆ ಓಡುತ್ತಾರೆ. ತಂತಿ ಮಾತ್ರ ಹಾದುಹೋದವನು "ನನ್ನಲ್ಲಿ ಕಂಬ ಇಲ್ಲವಲ್ಲ" ಅಂತ ಅರ್ಜಿಯನ್ನೇ ಕೊಡುವುದಿಲ್ಲ.

ಮಾರ್ಗಸೂಚಿ ದರ ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ. ಅದು ಪೇಟೆ ಬೆಲೆಗಿಂತ ತೀರಾ ಕಡಿಮೆ ಇದ್ದರೆ ಅಕ್ಕಪಕ್ಕದ ಸರ್ವೆ ನಂಬರ್‌ಗಳ ಇತ್ತೀಚಿನ ಕ್ರಯಪತ್ರಗಳ ನಕಲು ತೆಗೆದು ಇಡಿ.

ಹಂತ 9: ಜಿಲ್ಲಾ ನ್ಯಾಯಾಲಯ

ಕೊಟ್ಟ ಪರಿಹಾರ ಸಾಲದಿದ್ದರೆ ಟೆಲಿಗ್ರಾಫ್ ಕಾಯ್ದೆಯ ಕಲಂ 16(3)ರ ಕೆಳಗೆ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ. ಚೆಕ್ ತೆಗೆದುಕೊಳ್ಳುವಾಗ "ಪ್ರತಿಭಟನೆಯೊಂದಿಗೆ ಸ್ವೀಕರಿಸಿದ್ದೇನೆ" ಅಂತ ಬರೆಯಿರಿ. "ಪೂರ್ತಿ ಇತ್ಯರ್ಥವಾಗಿದೆ" ಅಂತ ಮುದ್ರಿಸಿದ ಹಾಳೆ ಮುಂದಿಟ್ಟರೆ ಆ ಸಾಲು ಹೊಡೆದುಹಾಕದೆ ಸಹಿ ಬೇಡ.

ತಡ ಮಾಡಬೇಡಿ. ಕೇರಳ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ 1976ರಲ್ಲೇ ಸುಪ್ರೀಂ ಕೋರ್ಟ್ ಇಂಥ ಅರ್ಜಿಗೆ ಕಾಲಮಿತಿ ಕಾಯ್ದೆಯ 137ನೇ ವಿಧಿ ಅನ್ವಯಿಸುತ್ತದೆ ಎಂದಿದೆ. ಅಂದರೆ 3 ವರ್ಷ. ಆ ಪ್ರಕರಣವೂ ಲೈನ್‌ಗಾಗಿ ಕಡಿದ ಮರಗಳದ್ದೇ.

ಎಷ್ಟು ಕೇಳಬೇಕು? ಅದೇ ಮಂಡಳಿಯ 2007ರ ಇನ್ನೊಂದು ಪ್ರಕರಣದಲ್ಲಿ ಎಲ್ಲರಿಗೂ ಒಂದೇ ಸೂತ್ರ ಹಾಕಬೇಡಿ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಜಮೀನು ಎಲ್ಲಿದೆ, ಲೈನ್ ಅಂಚಿನಲ್ಲಿ ಹೋಗಿದೆಯೋ ನಡುವೆ ಸೀಳಿದೆಯೋ, ಚಿಕ್ಕ ಜಮೀನೋ ದೊಡ್ಡದೋ, ಇವನ್ನೆಲ್ಲ ನೋಡಬೇಕು. ಹಣ್ಣಿನ ಮರಕ್ಕೆ ವರ್ಷದ ನಿವ್ವಳ ಆದಾಯವನ್ನು 8ರಿಂದ ಗುಣಿಸುವ ಲೆಕ್ಕ 2002ರ ಒಂದು ಭೂಸ್ವಾಧೀನದ ತೀರ್ಪಿನದ್ದು. ಕಂಪನಿಯ ವಕೀಲರು ಅದನ್ನೇ ಹಿಡಿಯಬಹುದು. ನೀವು 2007ರದ್ದನ್ನು ಮುಂದಿಡಿ. ಒಂದೂವರೆ ಎಕರೆಯ ನಡುವೆ ಲೈನ್ ಹೋದವನ ನಷ್ಟವೂ, 20 ಎಕರೆಯ ಮೂಲೆಯಲ್ಲಿ ಹೋದವನ ನಷ್ಟವೂ ಒಂದೇ ಆಗಲು ಹೇಗೆ ಸಾಧ್ಯ? ಬಡ್ಡಿಯನ್ನೂ ಅರ್ಜಿಯಲ್ಲೇ ಕೇಳಿ.

ಇಲ್ಲಿ ಕೊಟ್ಟ ತೀರ್ಮಾನ ಅಂತಿಮ ಎನ್ನುತ್ತದೆ ಕಲಂ 16(5). ಮಾಮೂಲಿ ಮೇಲ್ಮನವಿ ಇಲ್ಲ. ಹಾಗಾಗಿ ಸಾಕ್ಷಿಯೆಲ್ಲ ಇಲ್ಲೇ ಬರಬೇಕು. ತೋಟಗಾರಿಕೆ ಅಧಿಕಾರಿಯನ್ನು ಸಾಕ್ಷಿಗೆ ಕರೆಸಿ, ಮಂಡಿ ಚೀಟಿ ಹಾಜರುಪಡಿಸಿ, ಬೇಕಾದರೆ ಕೋರ್ಟ್ ಕಮಿಷನರ್ ನೇಮಕ ಕೇಳಿ.

ಹಂತ 10: ಲೈನ್ ಚಾಲೂ ಆದ ಮೇಲೆ

ತಂತಿ ಜೋತು ಬಿದ್ದಂತೆ ಕಂಡರೆ ಸುಮ್ಮನಿರಬೇಡಿ. 220 ಕೆವಿಗೆ ನೆಲದಿಂದ 7 ಮೀಟರ್, 400 ಕೆವಿಗೆ 8.8 ಮೀಟರ್ ಕನಿಷ್ಠ ಅಂತರ ಇರಬೇಕು. ಬೇಸಿಗೆಯ ಮಧ್ಯಾಹ್ನ ತಂತಿ ಕಾದು ಇನ್ನೂ ಇಳಿಯುತ್ತದೆ, ಅನುಮಾನ ಇದ್ದರೆ ಆಗಲೇ ನೋಡಿ. ಕೋಲು ಹಿಡಿದು ಅಳೆಯಲು ಹೋಗಬೇಡಿ, ಪತ್ರ ಬರೆದು ಅವರಿಂದಲೇ ಅಳೆಸಿ. ಅಡಿಕೆ ಕೊಯ್ಯುವ ಅಲ್ಯೂಮಿನಿಯಂ ಅಥವಾ ಕಾರ್ಬನ್ ಫೈಬರ್ ದೋಟಿ ಕಾರಿಡಾರ್ ಹತ್ತಿರ ಎತ್ತಲೇಬೇಡಿ, ಎರಡರಲ್ಲೂ ಕರೆಂಟ್ ಹರಿಯುತ್ತದೆ. ಲೈನ್‌ಗೆ ಸಮಾನಾಂತರವಾಗಿ ಉದ್ದಕ್ಕೆ ತಂತಿ ಬೇಲಿ ಇದ್ದರೆ ಅದಕ್ಕೆ ಅರ್ಥಿಂಗ್ ಮಾಡಿಸಿಕೊಡಿ ಎಂದು ಕೇಳಿ.

ಮುಂದೆ ಆ ಜಾಗದಲ್ಲಿ ಮನೆ ಕಟ್ಟಬೇಕು ಅಂತಾದರೆ ಟೆಲಿಗ್ರಾಫ್ ಕಾಯ್ದೆಯ ಕಲಂ 17 ಇದೆ. ಲೈನ್ ಸರಿಸಿ ಎಂದು ಕೇಳಬಹುದು, ಅವರು ಸರಿಸದಿದ್ದರೆ ಡಿಸಿಗೆ ಅರ್ಜಿ ಕೊಡಬಹುದು. ಮೊದಲೇ ಪರಿಹಾರ ತೆಗೆದುಕೊಂಡಿದ್ದರೆ, ಸರಿಸುವ ಖರ್ಚು ಅಥವಾ ಪಡೆದ ಪರಿಹಾರದ ಅರ್ಧ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ನೀವು ಮುಂದಿಡಬೇಕು. 400 ಕೆವಿ ಟವರ್ ಸರಿಸಿದ್ದನ್ನು ನಾನಂತೂ ನೋಡಿಲ್ಲ. ಆದರೆ ಈ ಕಲಂ ಕೆಳಗೆ ಕೊಟ್ಟ ಅರ್ಜಿಯೊಂದು ಫೈಲಿನಲ್ಲಿದ್ದ ಕಾರಣಕ್ಕೆ ಕಂಪನಿಯವರು ನಮ್ಮ ಪಕ್ಕದವರ ಜೊತೆ ಮತ್ತೆ ಮಾತುಕತೆಗೆ ಕೂತದ್ದನ್ನು ನೋಡಿದ್ದೇನೆ.